ಬೂಷ್ಟು ಹುಲ್ಲಿನ ದೂಳು ಮತ್ತು ಸಂಜೆಯ ಜ್ವರ



ಕೆಚ್ಚಲು ಬಾವು, ಕಾಲುಬಾಯಿ ಜ್ವರದ ಲಸಿಕೆ, ಲವಣ ಮಿಶ್ರಣ, ಬರಡುತನ ಇವುಗಳ ಬಗ್ಗೆ ಇಂಥ ಪತ್ರಿಕೆಗಳಲ್ಲಿ ನೀವು ಸಾಕಷ್ಟು ಓದಿರುತ್ತೀರಿ. ಹಸುವಿನ ಆರೋಗ್ಯದ ಬಗ್ಗೆ ಬರೆದಷ್ಟು ಹಸು ಸಾಕುವವರ ಆರೋಗ್ಯದ ಬಗ್ಗೆ ಯಾರೂ ಬರೆಯುವುದಿಲ್ಲ. ಈ ಪಾಠದಲ್ಲಿ ಆ ಬಾಕಿಯನ್ನು ಸ್ವಲ್ಪಮಟ್ಟಿಗಾದರೂ ತೀರಿಸೋಣ. ಬೂಷ್ಟು ಹಿಡಿದ ಹುಲ್ಲಿನ ದೂಳಿನಿಂದ ಶ್ವಾಸಕೋಶಕ್ಕೆ ಬರುವ ಕಾಯಿಲೆಯೇ ಇಲ್ಲಿನ ವಿಷಯ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಆಷಾಢದ ಜಡಿಮಳೆ. ಮೂರು ಹಸುಗಳಿರುವ ಮನೆ. ಹಿಂದಿನ ಸುಗ್ಗಿಯಲ್ಲಿ ಒಟ್ಟಿದ ಬಣವೆ ಕರಗುತ್ತಾ ಬಂದು ಈಗ ತಳದ ಹುಲ್ಲು ಮಾತ್ರ ಉಳಿದಿದೆ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದ ಮನೆಯಾಕೆ ಆ ಹುಲ್ಲನ್ನು ಹಿರಿದು ಕೊಟ್ಟಿಗೆಗೆ ತಂದು ಕೊಡವುತ್ತಾಳೆ. ಹೊಗೆಯಂತೆ ಬಿಳಿ ದೂಳು ಏಳುತ್ತದೆ. ಸೆರಗನ್ನು ಮೂಗಿಗೆ ಹಿಡಿದು ನಾಲ್ಕು ಸಲ ಕೆಮ್ಮಿ ಕೆಲಸ ಮುಗಿಸುತ್ತಾಳೆ. ಮಧ್ಯಾಹ್ನದವರೆಗೆ ಏನೂ ಇಲ್ಲ. ಸಂಜೆ ಹಾಲು ಕರೆಯಲು ಕೂರುವ ಹೊತ್ತಿಗೆ ಮೈಕೈ ನೋವು, ಚಳಿ ನಡುಕ. ರಾತ್ರಿ ಜ್ವರ, ಒಣಕೆಮ್ಮು, ಎದೆ ಬಿಗಿದಂತೆ ಆಗಿ ಉಸಿರು ಸಾಲದು. ಮಳೆಯಲ್ಲಿ ನೆಂದಿದ್ದಕ್ಕೆ ಎಂದು ಗಂಡ, ಸೊಳ್ಳೆ ಜ್ವರ ಎಂದು ಪಕ್ಕದ ಮನೆಯವರು, ದೃಷ್ಟಿಯಾಗಿದೆ ಎಂದು ಅತ್ತೆ. ಅಂಗಡಿಯಿಂದ ತಂದ ಮಾತ್ರೆ ನುಂಗಿ ಮಲಗುತ್ತಾಳೆ. ಎರಡು ದಿನದಲ್ಲಿ ಎದ್ದು ಓಡಾಡುತ್ತಾಳೆ. ಮಾತ್ರೆಯಿಂದ ವಾಸಿಯಾಯಿತು ಎಂದು ಎಲ್ಲರೂ ತಿಳಿಯುತ್ತಾರೆ. ಎಂಟು ದಿನ ಕಳೆದ ಮೇಲೆ ಮತ್ತೆ ತಳದ ಹುಲ್ಲಿಗೆ ಕೈ ಹಾಕುತ್ತಾಳೆ. ಮತ್ತೆ ಸಂಜೆ ಅದೇ ಜ್ವರ.

ಇಲ್ಲಿ ಎಲ್ಲರನ್ನೂ ದಾರಿ ತಪ್ಪಿಸುವುದು ದೂಳಿಗೂ ಜ್ವರಕ್ಕೂ ನಡುವೆ ಇರುವ ನಾಲ್ಕರಿಂದ ಎಂಟು ಗಂಟೆಗಳ ಅಂತರ. ಒಣಮೆಣಸಿನಕಾಯಿ ಹುರಿದ ಘಾಟಿಗೆ ತಕ್ಷಣ ಕೆಮ್ಮು ಬರುತ್ತದೆ, ಕಾರಣ ಯಾವುದೆಂದು ಮಗುವೂ ಹೇಳಬಲ್ಲದು. ಬೆಳಿಗ್ಗೆ ಕುಡಿದ ದೂಳಿಗೆ ಸಂಜೆ ಚಳಿಜ್ವರ ಬಂದರೆ ಬಣವೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಕಾಯಿಲೆಯನ್ನು ಗುರುತಿಸಿದ ಬಗೆ

ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿರುವ ವೆಸ್ಟ್‌ಮರ್ಲೆಂಡ್ ಆ ದೇಶದಲ್ಲಿ ಅತಿ ಹೆಚ್ಚು ಮಳೆ ಬೀಳುವ ಸೀಮೆಗಳಲ್ಲಿ ಒಂದು. ಅಲ್ಲಿ ಹುಲ್ಲು ಒಣಗಿಸುವುದೆಂದರೆ ಮೋಡದ ಜೊತೆ ಪಂದ್ಯ ಕಟ್ಟಿದಂತೆ. ಬೂಷ್ಟು ಹುಲ್ಲಿನ ಕೆಲಸ ಮಾಡಿದ ರೈತರಿಗೆ ಬರುತ್ತಿದ್ದ ಉಸಿರಾಟದ ತೊಂದರೆಯನ್ನು ಕ್ಯಾಂಪ್‌ಬೆಲ್ ಎಂಬ ವೈದ್ಯರು 1932ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರ್ಣಿಸಿದರು. ಮುಂದೆ ಈ ಕಾಯಿಲೆಗೆ ‘ಫಾರ್ಮರ್ಸ್ ಲಂಗ್’, ಅಂದರೆ ‘ರೈತರ ಶ್ವಾಸಕೋಶ’ ಎಂಬ ಹೆಸರು ಬಂತು. ವೃತ್ತಿಯ ಹೆಸರನ್ನೇ ಹೊತ್ತ ಕಾಯಿಲೆ ಇದು.

ಅದಕ್ಕೂ ಬಹಳ ಹಿಂದೆ, 1700ರಲ್ಲಿ, ಇಟಲಿಯ ವೈದ್ಯ ರಾಮಝೀನಿ ವೃತ್ತಿಯಿಂದ ಬರುವ ರೋಗಗಳ ಬಗ್ಗೆ ಒಂದು ಗ್ರಂಥ ಬರೆದಿದ್ದರು. ಧಾನ್ಯ ಜರಡಿ ಹಿಡಿಯುವವರ ಮತ್ತು ಅಳೆಯುವವರ ಕೆಮ್ಮು, ಉಬ್ಬಸಗಳಿಗೆ ಅದರಲ್ಲಿ ಒಂದು ಅಧ್ಯಾಯವೇ ಇದೆ. ರೋಗಿಯನ್ನು ವೈದ್ಯ ಕೇಳುವ ಪ್ರಶ್ನೆಗಳಿಗೆ ‘ನೀನು ಮಾಡುವ ಕೆಲಸ ಏನು?’ ಎಂಬ ಪ್ರಶ್ನೆಯನ್ನೂ ಸೇರಿಸಬೇಕೆಂದು ಹೇಳಿದವರು ಅವರೇ. ಮುನ್ನೂರು ವರ್ಷ ಕಳೆದರೂ ಆ ಪ್ರಶ್ನೆ ಎಲ್ಲ ಆಸ್ಪತ್ರೆಗಳಲ್ಲಿ ಕೇಳಿಬರುವುದಿಲ್ಲ.

ಹುಲ್ಲಿನಲ್ಲಿ ರೋಗ ತರುವುದು ಯಾವುದು ಎಂದು ಖಚಿತವಾದದ್ದು 1963ರಲ್ಲಿ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಗ್ರೆಗರಿ ಮತ್ತು ಲೇಸಿ ಹುಲ್ಲಿನ ಬೂಷ್ಟನ್ನು ಪರೀಕ್ಷಿಸಿದರು. ಲಂಡನ್ನಿನ ವೈದ್ಯ ಜ್ಯಾಕ್ ಪೆಪಿಸ್ ರೋಗಿಗಳ ರಕ್ತವನ್ನು ಪರೀಕ್ಷಿಸಿದರು. ಎರಡೂ ಕಡೆಯ ಸಾಕ್ಷ್ಯ ಒಂದೇ ಜೀವಿಯತ್ತ ಬೊಟ್ಟು ಮಾಡಿತು. ಅದು ಬಿಸಿಯಲ್ಲಿ ಬೆಳೆಯುವ ಆಕ್ಟಿನೋಮೈಸೀಟ್ ಎಂಬ ಸೂಕ್ಷ್ಮಜೀವಿ. ಶಿಲೀಂಧ್ರದಂತೆ ಎಳೆಎಳೆಯಾಗಿ ಹಬ್ಬಿದರೂ ಇದು ನಿಜವಾಗಿ ಒಂದು ಬಗೆಯ ಬ್ಯಾಕ್ಟೀರಿಯ. ಇದನ್ನು ನೀವೂ ಕಂಡಿದ್ದೀರಿ. ಕಾವೇರಿದ ತಿಪ್ಪೆಯನ್ನು ಅಗೆದಾಗ ಒಳಗೆ ಬೂದಿ ಎರಚಿದಂತೆ ಕಾಣುವ ಬಿಳಿ ಪದರ ಇದೇ ಜಾತಿಯದು. ತಿಪ್ಪೆಯಲ್ಲಿ ಅದು ಕಸವನ್ನು ಗೊಬ್ಬರ ಮಾಡುವ ಉಪಕಾರಿ. ಬಣವೆಯಲ್ಲಿ ಬೆಳೆದರೆ ಮಾತ್ರ ನಮಗೆ ಅಪಾಯ.

ಗ್ರೆಗರಿ ಮತ್ತು ಲೇಸಿಯವರ ಪ್ರಯೋಗದ ಅಂಕಿಗಳು ನಮಗೆ ಇಂದಿಗೂ ಪಾಠ. ಶೇ. 16ರಷ್ಟು ತೇವಾಂಶಕ್ಕೆ ಒಣಗಿಸಿ ಕಟ್ಟಿದ ಹುಲ್ಲು ಹೆಚ್ಚು ಬಿಸಿಯಾಗಲಿಲ್ಲ, ಬೂಷ್ಟೂ ಅಲ್ಪ. ಶೇ. 25ರ ತೇವಾಂಶದಲ್ಲಿ ಕಟ್ಟಿದ್ದು ಸುಮಾರು 45 ಡಿಗ್ರಿಗೆ ಕಾವೇರಿ ಬೂಷ್ಟು ಹಿಡಿಯಿತು. ಶೇ. 40ರ ತೇವಾಂಶದಲ್ಲಿ ಕಟ್ಟಿದ್ದು 60-65 ಡಿಗ್ರಿಗೆ ಏರಿತು, ಅದರಲ್ಲಿ ಆಕ್ಟಿನೋಮೈಸೀಟ್‌ಗಳು ತುಂಬಿ ಹೋಗಿದ್ದವು. ಇಂಥ ಹುಲ್ಲನ್ನು ಕೊಡವುವ ಜಾಗದಲ್ಲಿ ಹಗುರ ಕೆಲಸ ಮಾಡುವವನ ಶ್ವಾಸಕೋಶದಲ್ಲಿ ನಿಮಿಷಕ್ಕೆ ಏಳೂವರೆ ಲಕ್ಷದಷ್ಟು ಬೀಜಕಣಗಳು ಉಳಿಯಬಹುದೆಂದು ಲೆಕ್ಕ ಹಾಕಲಾಗಿದೆ.

ಎದೆಯೊಳಗೆ ನಡೆಯುವುದು

ಕಣದಲ್ಲಿ ತೂರುವಾಗ ಏಳುವ ಒರಟು ದೂಳು ಮೂಗಿನ ಕೂದಲಿಗೆ, ಗಂಟಲ ಲೋಳೆಗೆ ಸಿಕ್ಕಿಬಿಡುತ್ತದೆ. ಮೂಗು ಸೀಟಿದರೆ, ಕೆಮ್ಮಿ ಉಗಿದರೆ ಹೊರಬೀಳುತ್ತದೆ. ಆಕ್ಟಿನೋಮೈಸೀಟ್‌ನ ಬೀಜಕಣ ಹಾಗಲ್ಲ. ಅದರ ಗಾತ್ರ ಸುಮಾರು ಒಂದು ಮೈಕ್ರಾನ್, ನಮ್ಮ ತಲೆಗೂದಲಿನ ದಪ್ಪದ ಐವತ್ತರಲ್ಲಿ ಒಂದು ಭಾಗಕ್ಕಿಂತಲೂ ಚಿಕ್ಕದು. ಅದು ಉಸಿರಿನ ಜೊತೆ ಶ್ವಾಸಕೋಶದ ತುದಿಯ ಗಾಳಿಗೂಡುಗಳವರೆಗೆ ಹೋಗಿ ಕೂರುತ್ತದೆ. ರಕ್ತಕ್ಕೆ ಪ್ರಾಣವಾಯು ಸೇರುವುದು ಈ ಗೂಡುಗಳ ತೆಳು ಗೋಡೆಗಳ ಮೂಲಕ.

ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಕ್ಷಯದಂತೆ ಈ ಜೀವಿ ಎದೆಯಲ್ಲಿ ಬೆಳೆದು ರೋಗ ತರುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಮತ್ತೆ ಮತ್ತೆ ಒಳಹೋದ ಬೀಜಕಣಗಳನ್ನು ನಮ್ಮ ದೇಹ ಶತ್ರು ಎಂದು ಗುರುತಿಟ್ಟುಕೊಳ್ಳುತ್ತದೆ. ಮುಂದೆ ಅವು ಬಂದಾಗಲೆಲ್ಲ ದೇಹದ ರಕ್ಷಣಾ ಕಣಗಳು ಗಾಳಿಗೂಡಿನಲ್ಲಿ ನುಗ್ಗಿ ಕಾದಾಡುತ್ತವೆ. ಸಂಜೆಯ ಜ್ವರ ಈ ಕಾದಾಟದ ಕಾವು. ಒಂದೇ ಕೊಟ್ಟಿಗೆಯಲ್ಲಿ ಒಂದೇ ಹುಲ್ಲು ಕೊಡವಿದ ಇಬ್ಬರಲ್ಲಿ ಒಬ್ಬರಿಗೆ ಕಾಯಿಲೆ ಬಂದು ಇನ್ನೊಬ್ಬರು ಆರಾಮವಾಗಿರಬಹುದು. ‘ನಮಗೇನೂ ಆಗಲಿಲ್ಲವಲ್ಲ, ನಿನಗೇ ಏಕೆ?’ ಎಂದು ಮನೆಯವರು ಹೇಳುವುದು ಇದರಿಂದಲೇ. ಕೆಲಸಗಳ್ಳತನ ಎಂಬ ಮಾತು ಕೇಳಬೇಕಾದ ಸೊಸೆಯರು ಇಂಥ ಮನೆಗಳಲ್ಲಿ ಇದ್ದರೆ ಆಶ್ಚರ್ಯವಿಲ್ಲ.

ಕಾದಾಟ ನಿಂತರೆ ಗೂಡು ಚೇತರಿಸಿಕೊಳ್ಳುತ್ತದೆ. ವರ್ಷಗಟ್ಟಲೆ ನಡೆದರೆ ಗೋಡೆ ದಪ್ಪವಾಗಿ, ಸುಟ್ಟಗಾಯ ಮಾಗಿದ ಚರ್ಮದಂತೆ ಗಡುಸಾಗುತ್ತದೆ. ಗಡುಸಾದ ಭಾಗ ಮತ್ತೆ ಮೃದುವಾಗುವುದಿಲ್ಲ, ಹಾಗೆ ಮೃದು ಮಾಡುವ ಔಷಧಿಯೂ ಇಲ್ಲ. ಕೆಲವರಿಗೆ ಎದ್ದು ಕಾಣುವ ಜ್ವರ ಬಾರದೆ, ದಿನವೂ ಸ್ವಲ್ಪ ಸ್ವಲ್ಪ ದೂಳು ಕುಡಿದೇ ಈ ಸ್ಥಿತಿ ಬರುತ್ತದೆ. ಹುಲ್ಲಿನ ಹೊರೆ ಹೊತ್ತು ಏರು ಹತ್ತಿದರೆ ಏದುಸಿರು, ಬಿಡದ ಒಣಕೆಮ್ಮು, ತೂಕ ಇಳಿಯುವುದು, ಕೆಲವೊಮ್ಮೆ ಬೆರಳ ತುದಿ ಉಬ್ಬಿ ಉಗುರು ಬಾಗುವುದು ಇದರ ಲಕ್ಷಣಗಳು. ವಯಸ್ಸಾಯಿತು ಎಂದು ಸುಮ್ಮನಾಗುವವರೇ ಹೆಚ್ಚು.

ಬೀಡಿ ಸೇದುವವರಲ್ಲಿ ಈ ಕಾಯಿಲೆ ಕಡಿಮೆ ಕಂಡುಬರುತ್ತದೆ ಎಂಬುದು ಅಧ್ಯಯನಗಳಿಂದ ತಿಳಿದ ಸತ್ಯ. ಆದರೆ ಸೇದುವವರಿಗೆ ಬಂದರೆ ಅದು ಬೇಗ ಗಡುಸಾಗಿ ಹೆಚ್ಚು ಕೆಡಿಸುತ್ತದೆ. ಬೀಡಿಯಿಂದ ಬರುವ ಉಳಿದ ಕಾಯಿಲೆಗಳ ಮಾತು ಬೇರೆಯೇ ಇದೆ. ಆದ್ದರಿಂದ ಮೊದಲ ವಾಕ್ಯವನ್ನು ಮಾತ್ರ ಓದಿ ಬೀಡಿ ಹಚ್ಚಬೇಡಿ!

ವೈದ್ಯರಿಗೆ ಏನು ಹೇಳಬೇಕು?

ಜ್ವರ, ಕೆಮ್ಮು, ತೂಕ ಇಳಿತ ಮೂರೂ ಕಂಡರೆ ನಮ್ಮ ದೇಶದಲ್ಲಿ ವೈದ್ಯರಿಗೆ ಮೊದಲು ನೆನಪಾಗುವುದು ಕ್ಷಯ. ಹಾಗೆ ನೆನಪಾಗುವುದು ಸರಿಯೇ. ಕಫ ಪರೀಕ್ಷೆಯನ್ನು ತಪ್ಪದೇ ಮಾಡಿಸಬೇಕು. ಕ್ಷಯ ಎಂದು ಖಚಿತವಾಗಿ ಔಷಧಿ ಶುರುವಾಗಿದ್ದರೆ ಈ ಲೇಖನ ಓದಿ ನಿಲ್ಲಿಸಲೇಬಾರದು. ಆದರೆ ಕಫದಲ್ಲಿ ಕ್ಷಯ ಕಾಣದೆ, ಔಷಧಿಗೂ ಬಗ್ಗದೆ, ಊರು ಬಿಟ್ಟು ನೆಂಟರ ಮನೆಯಲ್ಲಿದ್ದಾಗ ಸರಿಹೋಗಿ ಮನೆಗೆ ಬಂದು ಕೊಟ್ಟಿಗೆ ಹೊಕ್ಕೊಡನೆ ಮರುಕಳಿಸುವ ಕೆಮ್ಮುಜ್ವರವಿದ್ದರೆ ಹುಲ್ಲನ್ನು ಅನುಮಾನಿಸಬೇಕು.

ಆಗ ವೈದ್ಯರ ಮುಂದೆ ಕುಳಿತು ಜ್ವರ, ಕೆಮ್ಮು ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ‘ಡಾಕ್ಟ್ರೇ, ಹಳೇ ಹುಲ್ಲು ಕೊಡವಿದ ದಿನ ಸಾಯಂಕಾಲವೇ ನನಗೆ ಚಳಿಜ್ವರ ಬರುತ್ತೆ, ಎರಡು ದಿನಕ್ಕೆ ತಾನಾಗೇ ಹೋಗುತ್ತೆ’ ಎಂಬ ಈ ಒಂದು ಮಾತು ಎಷ್ಟೋ ಪರೀಕ್ಷೆಗಳ ಬೆಲೆ ಬಾಳುತ್ತದೆ. ಹಾಲಿನ ಪಾಸ್‌ಬುಕ್ಕಿನ ಹಿಂದೆಯೋ ಕ್ಯಾಲೆಂಡರಿನ ಮೇಲೆಯೋ ಹುಲ್ಲು ಕೊಡವಿದ ದಿನ, ಜ್ವರ ಬಂದ ಹೊತ್ತು ಎರಡನ್ನೂ ಗುರುತು ಹಾಕಿಟ್ಟು ತೋರಿಸಿದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಪಾರಿವಾಳ ಸಾಕಿದ್ದರೆ ಅದನ್ನೂ ಹೇಳಬೇಕು. ಹಕ್ಕಿಯ ಹಿಕ್ಕೆ, ಪುಕ್ಕಗಳ ದೂಳಿನಿಂದಲೂ ಇದೇ ಜಾತಿಯ ಕಾಯಿಲೆ ಬರುತ್ತದೆ.

ಸಾಮಾನ್ಯ ಎಕ್ಸ್-ರೇಯಲ್ಲಿ ಮೊದಮೊದಲು ಏನೂ ಕಾಣದಿರಬಹುದು. ಊದಿ ನೋಡುವ ಶ್ವಾಸಕೋಶ ಸಾಮರ್ಥ್ಯ ಪರೀಕ್ಷೆ, ಎದೆಯ ಸಿ.ಟಿ. ಸ್ಕ್ಯಾನ್ ಇವುಗಳಿಂದ ಹೆಚ್ಚು ತಿಳಿಯುತ್ತದೆ. ಇವು ದೊಡ್ಡ ಆಸ್ಪತ್ರೆಗಳಲ್ಲಿ, ವೈದ್ಯಕೀಯ ಕಾಲೇಜುಗಳಲ್ಲಿ ಲಭ್ಯ. ತೀವ್ರವಾಗಿದ್ದರೆ ವೈದ್ಯರು ಸ್ಟೀರಾಯ್ಡ್ ಮಾತ್ರೆ ಕೊಡಬಹುದು. ಅದರಿಂದ ಬೇಗ ಆರಾಮ ಸಿಗುತ್ತದೆ. ಆದರೆ ಆ ಮಾತ್ರೆಯನ್ನು ನಂಬಿ ಬೂಷ್ಟು ಹುಲ್ಲಿನ ಸಹವಾಸ ಮುಂದುವರಿಸಿದರೆ ಶ್ವಾಸಕೋಶ ಉಳಿಯುವುದಿಲ್ಲ.

ಇದು ಬರೀ ಚಳಿದೇಶದ ಕಾಯಿಲೆ ಎಂದು ತಿಳಿಯಬಾರದು. ಭಾರತದ 19 ನಗರಗಳ 27 ಆಸ್ಪತ್ರೆಗಳಲ್ಲಿ ಶ್ವಾಸಕೋಶ ಗಡುಸಾಗುವಂಥ ಕಾಯಿಲೆಗಳ 1,084 ರೋಗಿಗಳನ್ನು ದಾಖಲಿಸಿ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಶೇ. 47 ಜನರಿಗೆ ಇದ್ದದ್ದು ಉಸಿರಿನಲ್ಲಿ ಒಳಹೋದ ಪದಾರ್ಥಕ್ಕೆ ದೇಹ ಸಿಡಿದೇಳುವ ಇದೇ ಜಾತಿಯ ರೋಗ. ಅವರಲ್ಲಿ ಸುಮಾರು ಅರ್ಧದಷ್ಟು ಜನರು ಹೇಳಿದ ಕಾರಣ ಬೂಷ್ಟು ಹಿಡಿದ ಏರ್ ಕೂಲರ್. ಬೂಷ್ಟು ಎಲ್ಲಿದ್ದರೂ ಬೂಷ್ಟೇ.

ಮದ್ದು ಬಣವೆಯಲ್ಲಿದೆ

ಭತ್ತ, ರಾಗಿ ಕೊಯ್ಲಿನ ಹೊತ್ತಿಗೇ ಹಿಂಗಾರು ಮಳೆ, ಸೈಕ್ಲೋನಿನ ಜಡಿ. ಈಚಿನ ವರ್ಷಗಳಲ್ಲಿ ಇನ್ನೊಂದು ತೊಡಕು ಸೇರಿದೆ. ಕೊಯ್ಲು ಯಂತ್ರ ಬಿಟ್ಟುಹೋದ ಹುಲ್ಲು ಗದ್ದೆಯಲ್ಲೇ ಇಬ್ಬನಿಗೆ ನೆನೆಯುತ್ತದೆ, ಬಾಡಿಗೆಗೆ ಬಂದ ಬೇಲರ್‌ನವರಿಗೆ ಅವಸರ. ಅವರು ಬಿಗಿಯಾಗಿ ಸುತ್ತಿದ ಪೆಂಡಿಯೊಳಗೆ ತೇವ ಸಿಕ್ಕಿಕೊಂಡರೆ ಹೊರಬರಲು ದಾರಿಯೇ ಇಲ್ಲ. ಬಾಡಿಗೆ ಒಂದು ದಿನ ತಡವಾದರೂ ಚಿಂತೆಯಿಲ್ಲ, ಇಬ್ಬನಿ ಆರಿ ಬಿಸಿಲೇರಿದ ಮೇಲೆ, ಒಂದು ಹಿಡಿ ಹುಲ್ಲು ಹಿಂಡಿ ತಿರುಚಿದರೆ ಚಟಪಟ ಮುರಿಯುವಂತಾದ ಮೇಲೆ ಕಟ್ಟಿಸಿ. ತಿರುಚಿದಾಗ ಹಗ್ಗದಂತೆ ಬಾಗಿದರೆ ಅದು ಒಣಗಿಲ್ಲ.

ಬಣವೆಯನ್ನು ನೆಲದ ಮೇಲೆ ಒಟ್ಟದೆ ಕಲ್ಲುಚಪ್ಪಡಿ, ಮರದ ದಿಮ್ಮಿ ಹಾಸಿ ಒಂದೂವರೆ ಅಡಿ ಎತ್ತರದಲ್ಲಿ ಒಟ್ಟಬೇಕು. ಸುತ್ತ ನೀರು ಹರಿದುಹೋಗುವ ಕಾಲುವೆ ಇರಲಿ. ಸೂರಿನ ನೀರು ಬೀಳುವ ಕಡೆ ಬೇಡ. ಮೇಲೆ ಹೊದಿಸುವ ಪ್ಲಾಸ್ಟಿಕ್ ಹಾಳೆ ಹುಲ್ಲಿಗೆ ತಾಗಿದ್ದರೆ ಒಳಗೆ ಬೆವರಿ ನೀರಿಳಿಯುತ್ತದೆ. ನಡುವೆ ಗಳು ಹಾಕಿ ಗಾಳಿಯಾಡಲು ಬಿಡಿ. ಒಟ್ಟಿದ ಮೊದಲ ಎರಡು-ಮೂರು ವಾರ ಒಂದು ಕಬ್ಬಿಣದ ಸರಳನ್ನು ಬಣವೆಯ ನಡುವಿಗೆ ತಿವಿದು, ಕಾಲು ಗಂಟೆ ಬಿಟ್ಟು ಎಳೆದು ಮುಟ್ಟಿ ನೋಡಿ. ಕೈಗೆ ಬಿಸಿ ತಾಗಿದರೆ ಬಣವೆ ಬಿಚ್ಚಿ ಮತ್ತೆ ಒಣಗಿಸಬೇಕು. ಹಿಡಿಯಲಾಗದಷ್ಟು ಸುಟ್ಟರೆ ಅದು ಬೆಂಕಿ ಬೀಳುವ ಸೂಚನೆಯೂ ಹೌದು. ಆಗ ನೀರು ಸಿದ್ಧವಿಟ್ಟುಕೊಂಡೇ ಬಿಚ್ಚತಕ್ಕದ್ದು.

ಮುಸುಕಿನ ಜೋಳವನ್ನು ಮನೆಯಲ್ಲೇ ಬೀಸಿ ಹಾಕುವವರಿಗೆ ಒಂದು ಸುಲಭ ಪರೀಕ್ಷೆ: ಒಣಗಿದ ಗಾಜಿನ ಬಾಟಲಿಗೆ ಕಾಳು ಮತ್ತು ಹುರಿದು ಒಣಗಿಸಿದ ಪುಡಿಉಪ್ಪು ಹಾಕಿ ಕುಲುಕಿ. ಉಪ್ಪು ಬಾಟಲಿಯ ಗೋಡೆಗೆ ಅಂಟಿದರೆ ಕಾಳಿನಲ್ಲಿ ಶೇ. 15ಕ್ಕಿಂತ ಹೆಚ್ಚು ತೇವವಿದೆ. ಮೂಟೆ ಕಟ್ಟಬಾರದು.

ಬೂಷ್ಟು ಹಿಡಿದ ಮೇವನ್ನು ‘ಹಾಳಾಗುತ್ತದಲ್ಲ’ ಎಂದು ಹಸುವಿಗೆ ಹಾಕುವುದು ಎರಡನೇ ನಷ್ಟ. ಬೂಷ್ಟು ಹಿಡಿದ ಕಾಳು, ಶೇಂಗಾ ಹಿಂಡಿಯಲ್ಲಿ ಬೆಳೆಯುವ ಅಫ್ಲಾಟಾಕ್ಸಿನ್ ವಿಷ ಹಾಲಿಗೂ ಇಳಿಯುತ್ತದೆ. ಹಾಲಿನಲ್ಲಿ ಅದು ಕಿಲೋಗೆ 0.5 ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮವಿದೆ. ಪಂಜಾಬಿನ ಭತ್ತದ ಸೀಮೆಯಲ್ಲಿ ಬೂಷ್ಟು ಹುಲ್ಲು ತಿಂದ ಎಮ್ಮೆಗಳ ಬಾಲದ ತುದಿ, ಕಿವಿಯಂಚು, ಗೊರಸು ಕೊಳೆತು ಉದುರುವ ದೇಗ್ನಾಲಾ ಎಂಬ ರೋಗವೇ ಇದೆ.

ಹಾಗಾದರೆ ಕೆಟ್ಟ ಹುಲ್ಲನ್ನು ಏನು ಮಾಡುವುದು? ಒಣಗಿದ್ದಂತೆಯೇ ಹಿರಿಯಬೇಡಿ, ಕೊಟ್ಟಿಗೆಯೊಳಗೆ ತಂದು ಕೊಡವಬೇಡಿ, ಹಸುವಿಗೆ ಹಾಸಬೇಡಿ. ಮೊದಲು ನೀರು ಚಿಮುಕಿಸಿ ದೂಳು ಅಡಗಿಸಿ, ಗಾಳಿಗೆ ಬೆನ್ನು ಮಾಡಿ ನಿಂತು, ಬಯಲಿನಲ್ಲಿ ಎಳೆದು ನೇರ ತಿಪ್ಪೆಗೆ ಹಾಕಿ ಮೇಲೆ ಸಗಣಿ ಬಗ್ಗಡ ಸುರಿಯಿರಿ. ಮೇವು ಕತ್ತರಿಸುವ ಯಂತ್ರ ಕೊಟ್ಟಿಗೆಯ ಮೂಲೆಯಲ್ಲಿದ್ದರೆ ಹೊರಗೆ ಚಪ್ಪರದ ಕೆಳಗೆ ತನ್ನಿ. ಬೂಸಾ, ಹಿಂಡಿ ಕಲಸುವಾಗ ಮೊದಲು ನೀರು, ಆಮೇಲೆ ಕೈ. ಒಣಹುಲ್ಲನ್ನು ಹಾಲು ಕರೆದಾದ ಮೇಲೆ ಹಾಕಿ. ಕರೆಯುವ ಹೊತ್ತಿನಲ್ಲಿ ಎದ್ದ ದೂಳು ಕರೆಯುವವರ ಎದೆಗೂ ಇಳಿಯುತ್ತದೆ, ಬಕೀಟಿಗೂ ಬೀಳುತ್ತದೆ.

ಸೆರಗು, ಟವೆಲ್, ಬಟ್ಟೆಯ ಮಾಸ್ಕ್ ಒಂದು ಮೈಕ್ರಾನಿನ ಕಣವನ್ನು ಸರಿಯಾಗಿ ತಡೆಯಲಾರವು. 2020ರ ಕೊರೊನಾ ಕಾಲದಲ್ಲಿ ಎಲ್ಲರಿಗೂ ಪರಿಚಯವಾದ ಎನ್-95 ಮಾಸ್ಕ್ ತಡೆಯುತ್ತದೆ, ಆದರೆ ಮೂಗಿನ ಮೇಲಿನ ತಂತಿಯನ್ನು ಒತ್ತಿ ಅಂಚಿನಲ್ಲಿ ಸಂದಿಯಿಲ್ಲದಂತೆ ಕಟ್ಟಿದರೆ ಮಾತ್ರ. ಗಡ್ಡವಿದ್ದರೆ ಸಂದಿ ಉಳಿಯುತ್ತದೆ. ಬೆವರಿಗೆ ಒದ್ದೆಯಾದದ್ದನ್ನು, ಕೊಳೆಯಾದದ್ದನ್ನು ಬಿಸಾಡಬೇಕು, ಒಗೆದು ಕಟ್ಟುವಂಥದ್ದಲ್ಲ. ಹಳೇ ಹಗೇವು ತೆಗೆಯುವುದು, ಕೆಟ್ಟ ಬಣವೆ ಬಿಚ್ಚುವುದು ಮುಂತಾದ ಒಂದು ದಿನದ ಭಾರಿ ದೂಳಿನ ಕೆಲಸದಿಂದ, ಹಿಂದೆಂದೂ ತೊಂದರೆಯಿಲ್ಲದ ನಾಲ್ಕೈದು ಆಳುಗಳಿಗೆ ಒಟ್ಟಿಗೇ ಜ್ವರ ಬರುವುದೂ ಉಂಟು. ಅದು ದೂಳಿನ ನಂಜು, ಒಂದೆರಡು ದಿನದಲ್ಲಿ ಇಳಿಯುತ್ತದೆ. ಅಂಥ ದಿನ ಆಳುಗಳಿಗೂ ಮಾಸ್ಕ್ ಕೊಡಿಸುವುದು ಯಜಮಾನರ ಕೆಲಸ. ಹಗೇವು ತೆರೆದಾಗ ಕೆಟ್ಟ ಗಾಳಿಯ ಪ್ರಾಣಾಪಾಯ ಬೇರೆ ಇದೆ, ಅದಕ್ಕೆ ಮಾಸ್ಕ್ ರಕ್ಷೆಯಲ್ಲ. ಪೂರ್ತಿ ಗಾಳಿಯಾಡದೆ ಇಳಿಯಲೇಬೇಡಿ.

ರಸಮೇವು ಮಾಡುವವರಿಗೆ ಈ ವಿಷಯದಲ್ಲೂ ಲಾಭವಿದೆ. ಗಾಳಿ ಹೋಗದಂತೆ ತುಳಿದು ಮುಚ್ಚಿದ ಹಸಿಮೇವಿನಲ್ಲಿ ಬೂಷ್ಟು ಬೆಳೆಯದು, ತೇವವಿರುವುದರಿಂದ ದೂಳೂ ಏಳದು. ಐರ್ಲೆಂಡಿನಲ್ಲಿ ಒಣಹುಲ್ಲಿನ ಜಾಗಕ್ಕೆ ರಸಮೇವು ಬಂದಂತೆ ರೈತರ ಶ್ವಾಸಕೋಶ ರೋಗ ಇಳಿಮುಖವಾಯಿತೆಂದು ಅಲ್ಲಿನ ವೈದ್ಯರು 2006ರಲ್ಲಿ ವರದಿ ಮಾಡಿದ್ದಾರೆ. ಚೀಲ ಹರಿದು ಗಾಳಿ ಹೊಕ್ಕ ಕಡೆ ಮಾತ್ರ ಬಿಳಿ ಬೂಷ್ಟು ಕಾಣುತ್ತದೆ. ಆ ಪದರವನ್ನು ಒಣಗಲು ಬಿಡದೆ ತೆಗೆದು ತಿಪ್ಪೆಗೆ ಹಾಕಬೇಕು.

ಹಸು ಮಾರಬೇಕೇ?

ಕಾಯಿಲೆ ಖಚಿತವಾದ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಇದು. ವಾರದ ಬಟವಾಡೆಯ ಮೇಲೆ ಮಕ್ಕಳ ಫೀಸು, ಸಂಘದ ಸಾಲ ನಿಂತಿರುವಾಗ ಹಸು ಮಾರಿ ಎಂದು ಹೇಳುವುದು ಸುಲಭ, ಮಾರುವುದು ಸುಲಭವಲ್ಲ. ರೋಗ ಬೇಗ ಪತ್ತೆಯಾದರೆ ಅನೇಕ ಕಡೆ ಹಸು ಮಾರುವ ಅಗತ್ಯವೇ ಬರುವುದಿಲ್ಲ, ಕೆಲಸ ಹಂಚಿಕೆ ಬದಲಾದರೆ ಸಾಕು. ಕಾಯಿಲೆಯವರು ಹಾಲು ಕರೆಯಲಿ, ಹಸಿಹುಲ್ಲು ಕೊಯ್ಯಲಿ, ಡೇರಿಗೆ ಹಾಲು ಒಯ್ಯಲಿ. ಬಣವೆ ಹಿರಿಯುವುದು, ಒಣಹುಲ್ಲು ಕತ್ತರಿಸುವುದು, ಅಟ್ಟ ಗುಡಿಸುವುದು ಈ ಮೂರನ್ನು ಮನೆಯ ಇನ್ನೊಬ್ಬರು ವಹಿಸಿಕೊಳ್ಳಬೇಕು, ಅವರೂ ಮಾಸ್ಕ್ ಕಟ್ಟಿಯೇ ಮಾಡಬೇಕು. ಕಾಯಿಲೆಯವರು ಮಾಸ್ಕ್ ಇದೆಯಲ್ಲ ಎಂದು ಬೂಷ್ಟು ಹುಲ್ಲಿಗೆ ಕೈ ಹಾಕಬಾರದು. ಆರು ತಿಂಗಳಿಗೊಮ್ಮೆ ಊದುವ ಪರೀಕ್ಷೆ ಮಾಡಿಸಿ ಚೀಟಿಯನ್ನು ಜೋಪಾನವಾಗಿಡಿ. ಇಷ್ಟು ಮಾಡಿದ ಮೇಲೂ ಅಂಕಿ ಇಳಿಯುತ್ತಲೇ ಹೋದರೆ ಆಗ ಕೊಟ್ಟಿಗೆಯ ಕೆಲಸವನ್ನು ಪೂರ್ತಿ ಬಿಡುವ ವಿಚಾರವನ್ನು ವೈದ್ಯರೊಂದಿಗೆ ಕುಳಿತು ಮಾತನಾಡಬೇಕಾಗುತ್ತದೆ.